ಗುದ್ದಲಿ ಕೊಡಲಿಗಳ ಕಾವು: ಮರದ ಆಯ್ಕೆಯೂ ಜೋಡಣೆಯೂ

ಬೇಸಾಯಗಾರನ ಮನೆಯಲ್ಲಿ ನಿತ್ಯವೂ ಉಪಯೋಗಕ್ಕೆ ಬರತಕ್ಕ ಕೈ ಉಪಕರಣಗಳೆಂದರೆ ಗುದ್ದಲಿ, ಸನಿಕೆ, ಪಿಕಾಸಿ, ಕೊಡಲಿ, ಮಚ್ಚು, ಕುಡುಗೋಲು ಇವೇ ಮೊದಲಾದುವು. ಇವುಗಳನ್ನು ಕೊಳ್ಳುವಾಗ ರೈತನು ಕಬ್ಬಿಣವನ್ನು ತಟ್ಟಿ ನಾದವನ್ನು ಕೇಳುತ್ತಾನೆ. ಅಂಚನ್ನು ಬೆರಳಿನಿಂದ ಸವರಿ ನೋಡುತ್ತಾನೆ. ತೂಕವನ್ನು ಕೈಯಲ್ಲಿ ಅಂದಾಜುಮಾಡುತ್ತಾನೆ. ಆದರೆ ಆ ಕಬ್ಬಿಣಕ್ಕೆ ತೋಳಿನ ಬಲವನ್ನು ಮುಟ್ಟಿಸತಕ್ಕ ಕಾವಿನ ವಿಷಯದಲ್ಲಿ ಇಂಥ ಪರೀಕ್ಷೆ ನಡೆಯುವುದು ಅಪರೂಪ. ಹಿತ್ತಿಲಲ್ಲಿ ಬಿದ್ದಿರುವ ಯಾವುದೋ ಒಂದು ಕೊಂಬೆಯನ್ನು ಕಡಿದು, ತುದಿಯನ್ನು ಮಚ್ಚಿನಿಂದ ಕೆತ್ತಿ, ಗುದ್ದಲಿಯ ಕಣ್ಣಿನೊಳಕ್ಕೆ ಬಡಿದು, ಸಡಿಲವಾಗಿರುವ ಕಡೆಗೆ ಬಟ್ಟೆಯ ಚೂರನ್ನೋ ತಗಡಿನ ತುಂಡನ್ನೋ ತುರುಕಿ ಕೆಲಸಕ್ಕೆ ಹೊರಡುವುದೇ ಹಲವು ಕಡೆಗಳಲ್ಲಿ ರೂಢಿಯಾಗಿದೆ. ಹಿಂದೆ ಬಡಗಿಯೂ ಕಮ್ಮಾರನೂ ಊರಿನ ಆಯಗಾರರಾಗಿದ್ದು, ಸುಗ್ಗಿಯಲ್ಲಿ ಕಣದಿಂದ ಧಾನ್ಯವನ್ನು ಪಡೆದು, ಮನೆಮನೆಯ ಉಪಕರಣಗಳನ್ನು ಸರಿಮಾಡಿ ಕೊಡುತ್ತಿದ್ದರು. ಆ ಏರ್ಪಾಡು ಬಹುತೇಕ ಗ್ರಾಮಗಳಲ್ಲಿ ನಿಂತುಹೋದ ಮೇಲೆ ಕಾವು ಸಂತೆಯ ಸರಕಾಯಿತು. ಸಂತೆಯ ಕಾವು ಯಾವ ಮರದ್ದು, ಎಷ್ಟು ದಿನ ಒಣಗಿದ್ದು ಎಂಬುದನ್ನು ಮಾರುವವನೂ ಬಲ್ಲವನಲ್ಲ, ಕೊಳ್ಳುವವನೂ ಕೇಳುವವನಲ್ಲ.

ಇದರಿಂದ ಆಗುವ ನಷ್ಟವು ಒಂದು ಕಾವಿನ ಬೆಲೆಯಷ್ಟೇ ಅಲ್ಲ. ಕಾಲುವೆಯ ಹೂಳೆತ್ತುವಾಗಲೂ, ತೋಟದಲ್ಲಿ ಪಾತಿಮಾಡುವಾಗಲೂ ಆಳುಗಳು ಸಾಲಾಗಿ ನಿಂತು ಕೆಲಸ ಮಾಡುತ್ತಾರೆ. ಎತ್ತಿದ ಗುದ್ದಲಿಯ ಕಬ್ಬಿಣವು ಕಾವಿನಿಂದ ಜಾರಿ ಹಾರಿದಲ್ಲಿ ಅದು ಹೋಗಿ ಬೀಳುವುದು ಪಕ್ಕದವನ ಕಾಲಿನ ಮೇಲೆ ಅಥವಾ ಹಿಂದಿರುವವನ ಮುಖದ ಮೇಲೆ. ಕೊಡಲಿಯಾದರಂತೂ ಹೇಳತಕ್ಕದ್ದೇ ಇಲ್ಲ. ಮಣ್ಣು ಗೊಬ್ಬರಗಳಲ್ಲಿ ಆಡಿದ ಕಬ್ಬಿಣದಿಂದಾದ ಗಾಯದ ಮೂಲಕ ಧನುರ್ವಾಯುವಿನ ಕ್ರಿಮಿಯು ದೇಹವನ್ನು ಸೇರುವ ಸಂಭವವುಂಟು. ಆ ಕ್ರಿಮಿಗೆ ಮಣ್ಣೇ ವಾಸಸ್ಥಾನ. ಅಂಥ ಗಾಯವಾದವನನ್ನು ಅರಿಸಿನ ಹಚ್ಚಿ ಮನೆಯಲ್ಲಿ ಕೂರಿಸದೆ, ಗಾಯವನ್ನು ಸಾಬೂನು ನೀರಿನಿಂದ ತೊಳೆದು, ಅದೇ ದಿನ ಆಸ್ಪತ್ರೆಗೆ ಕಳುಹಿಸಿ ಚುಚ್ಚುಮದ್ದಿನ ವಿಷಯವನ್ನು ವಿಚಾರಿಸತಕ್ಕದ್ದು. ಆಳನ್ನು ಕರೆದು ಕೆಲಸಕ್ಕೆ ಹಚ್ಚಿದ ಜಮೀನುದಾರನು ಅವನ ಕೈಗೆ ಕೊಡುವ ಉಪಕರಣದ ಹೊಣೆಯನ್ನೂ ಹೊತ್ತಿರುತ್ತಾನೆ.

ಕಾವು ಸಡಿಲವಾಗುವುದು ಏತಕ್ಕೆ ಎಂಬುದನ್ನು ಮೊದಲು ತಿಳಿಯಬೇಕು. ಹಸಿಯ ಮರದಲ್ಲಿ ನೀರು ಬಹಳವಾಗಿ ತುಂಬಿರುತ್ತದೆ. ಆ ನೀರು ಆರುತ್ತ ಬಂದಂತೆ ಮರವು ಕುಗ್ಗುತ್ತದೆ. ಆದರೆ ಎಲ್ಲ ಕಡೆಗೂ ಒಂದೇ ಸಮನಾಗಿ ಕುಗ್ಗುವುದಿಲ್ಲ. ಉದ್ದಕ್ಕೆ ಅದು ಕುಗ್ಗುವುದು ನೂರರಲ್ಲಿ ಅರ್ಧ ಪಾಲೂ ಇರದು. ಅಡ್ಡಲಾಗಿಯಾದರೋ, ಮರದ ಜಾತಿಯನ್ನು ಅನುಸರಿಸಿ, ನೂರಕ್ಕೆ ೪ ರಿಂದ ೮ ಪಾಲಿನವರೆಗೆ ಕುಗ್ಗುವುದು ಸಾಮಾನ್ಯ. ಒಂದೂವರೆ ಅಂಗುಲದ ಕಣ್ಣಿಗೆ ಬಿಗಿಯಾಗಿ ಕೂಡಿಸಿದ ಹಸಿಯ ಕಾವು ನೂರಕ್ಕೆ ೫ ಪಾಲು ಕುಗ್ಗಿತೆಂದು ಇಟ್ಟುಕೊಂಡರೂ ಸುತ್ತಲೂ ಸೇರಿ ಸುಮಾರು ೨ ಮಿಲಿಮೀಟರಿನಷ್ಟು ಎಡೆಯಾಗುತ್ತದೆ. ಕಬ್ಬಿಣವು ಕಳಚಿ ಬೀಳುವುದಕ್ಕೆ ಇಷ್ಟು ಎಡೆ ಧಾರಾಳವಾಗಿ ಸಾಕು. ಆದುದರಿಂದ ಎಷ್ಟೇ ಜಾಣನಾದ ಬಡಗಿಯು ಕೂಡಿಸಿದರೂ ಹಸಿಯ ಕಾವು ಬೇಸಗೆಯಲ್ಲಿ ಸಡಿಲವಾಗಿಯೇ ತೀರುವುದು; ಅದು ಕೈಗೆಲಸದ ದೋಷವಲ್ಲ, ಮರದ ಸ್ವಭಾವ.

ಇಲ್ಲಿ ಒಂದು ರೂಢಿಯನ್ನು ವಿಚಾರಮಾಡುವುದು ಅಗತ್ಯ. ಕಾವು ಸಡಿಲವಾದೊಡನೆ ಗುದ್ದಲಿಯನ್ನು ರಾತ್ರಿಯೆಲ್ಲ ತೊಟ್ಟಿಯಲ್ಲಿಯೋ ಕಾಲುವೆಯಲ್ಲಿಯೋ ನೆನೆಹಾಕಿ ಬೆಳಗ್ಗೆ ತೆಗೆದರೆ ಅದು ಬಿಗಿಯಾಗಿರುತ್ತದೆ. ಇದನ್ನು ಕಂಡು ನೀರೇ ಇದಕ್ಕೆ ಮದ್ದೆಂದು ಜನರು ನಂಬಿದ್ದಾರೆ. ಆಗುವುದೇನೆಂದರೆ, ನೀರನ್ನು ಹೀರಿದ ಮರದ ನಾರುಗಳು ಉಬ್ಬುತ್ತವೆ. ಸುತ್ತಲೂ ಇರುವ ಕಬ್ಬಿಣದ ಬಳೆಯು ಅವುಗಳಿಗೆ ಜಾಗ ಕೊಡುವುದಿಲ್ಲ. ಹೀಗೆ ಹೊರಕ್ಕೆ ಹೋಗಲಾರದ ನಾರುಗಳು ಒಂದನ್ನೊಂದು ಒತ್ತಿ ನಜ್ಜಾಗುತ್ತವೆ. ಆ ದಿನದ ಬಿಸಿಲಿಗೆ ನೀರು ಆರಿದ ಮೇಲೆ ನಜ್ಜಾದ ಭಾಗವು ಮೊದಲಿದ್ದ ಗಾತ್ರಕ್ಕೆ ಬರದೆ ಅದಕ್ಕಿಂತಲೂ ಚಿಕ್ಕದಾಗುತ್ತದೆ. ಮರುದಿನ ಮತ್ತೆ ನೆನೆಹಾಕಬೇಕು. ಮರುದಿನ ಇನ್ನಷ್ಟು ಸಡಿಲ. ಕಬ್ಬಿಣದ ಕಣ್ಣು ಒಳಗೆ ತುಕ್ಕು ಹಿಡಿಯುವುದೂ, ಕಾವಿನ ತುದಿ ಕೊಳೆತು ಕಪ್ಪಾಗುವುದೂ ಇದರ ಜೊತೆಗೆ ಸೇರಿದ ನಷ್ಟಗಳು. ಕೆಲಸದ ನಡುವೆ ಬೇರೆ ದಾರಿಯಿಲ್ಲದಾಗ ಒಂದು ದಿನದ ಮಟ್ಟಿಗೆ ಹೀಗೆ ಮಾಡಿಕೊಳ್ಳಬಹುದೇ ಹೊರತು ಇದನ್ನು ದುರಸ್ತಿಯೆಂದು ತಿಳಿಯತಕ್ಕದ್ದಲ್ಲ. ನೀರಿನಲ್ಲಿ ನೆನೆಹಾಕಿಯೇ ನಡೆಯಬೇಕಾದ ಗುದ್ದಲಿಗೆ ಹೊಸ ಕಾವಿನ ಕಾಲ ಬಂದಿದೆಯೆಂದೇ ಅರ್ಥ.

ಇನ್ನು ಮರದ ವಿಷಯ. ಏಟಿನ ಕೆಲಸಕ್ಕೆ ಬೇಕಾದ ಮರವು ಗಟ್ಟಿಯಾಗಿದ್ದರೆ ಮಾತ್ರ ಸಾಲದು. ಏಟಿನ ಅದುರನ್ನು ತಾಳಿ, ಸ್ವಲ್ಪ ಬಾಗಿ, ಮತ್ತೆ ನೆಟ್ಟಗಾಗುವ ಗುಣವೂ ಅದಕ್ಕೆ ಇರಬೇಕು. ಡೆಹ್ರಾಡೂನಿನಲ್ಲಿ ೧೯೦೬ರಲ್ಲಿ ಸ್ಥಾಪಿತವಾದ ಅರಣ್ಯ ಸಂಶೋಧನಾಲಯದವರು ತೇಗವನ್ನು ೧೦೦ ಎಂದು ಇಟ್ಟುಕೊಂಡು ಇತರ ಮರಗಳ ಗುಣಗಳನ್ನು ಅದಕ್ಕೆ ಹೋಲಿಸಿ ಅಳೆಯುವ ಕ್ರಮವನ್ನು ನಡೆಸಿಕೊಂಡು ಬಂದಿದ್ದಾರೆ. ಬಾಗಿಲು ಕಿಟಕಿಗಳಿಗೆ ತೇಗವು ರಾಜನೇ ಆದರೂ ಏಟನ್ನು ತಾಳುವುದರಲ್ಲಿ ನಮ್ಮ ಕಾಡುಗಳ ತಡಸಲು ಮತ್ತು ದಿಂಡಿಗದ ಮರಗಳು ಅದನ್ನು ಮೀರಿಸುತ್ತವೆ. ತಡಸಲು ಬಿಲ್ಲಿನಂತೆ ಬಾಗಿ ಏಳತಕ್ಕ ಮರ. ದಿಂಡಿಗವು ಗಾಡಿಯ ಅಚ್ಚುಗಳಿಗೆ ಹೆಸರಾದುದು. ಬಯಲುಸೀಮೆಯಲ್ಲಿ ಕಾಡಿಗೆ ಹೋಗುವ ಶ್ರಮವೇ ಬೇಡ. ಕೆರೆಯ ಅಂಗಳದಲ್ಲಿಯೂ ಹೊಲದ ಬದುಗಳಲ್ಲಿಯೂ ಬೆಳೆಯುವ ಕರಿಜಾಲಿಯ ಚೇಗು ಗುದ್ದಲಿಗೂ ಪಿಕಾಸಿಗೂ ಬಹಳ ಯೋಗ್ಯವಾದುದು. ಹುಣಿಸೆಯು ಗಟ್ಟಿಯಾದರೂ ನೆಟ್ಟಗಿನ ತುಂಡು ಸಿಕ್ಕುವುದು ಕಷ್ಟ. ಕೊಡತಿಗೆ ಅದು ಒಳ್ಳೆಯದು. ಸರ್ವೆಯ ಗಳವು ನೆಟ್ಟಗಿರುವುದರಿಂದ ಕಣ್ಣಿಗೆ ಚೆಂದ, ಆದರೆ ಒಣಗಿದಾಗ ಉದ್ದಕ್ಕೂ ಸೀಳುಬಿಡುವ ಚಾಳಿಯುಳ್ಳದ್ದು. ನೀಲಗಿರಿಯ ಮರದಲ್ಲಿ ನಾರು ಅನೇಕವೇಳೆ ಹಗ್ಗದಂತೆ ಹೊಸೆದುಕೊಂಡಿರುತ್ತದೆ. ಒಣಗುವಾಗ ಕಾವು ತಾನಾಗಿಯೇ ತಿರುಚಿಕೊಳ್ಳುವುದು ಈ ಕಾರಣದಿಂದ. ಸಂತೆಯಲ್ಲಿ ಅಗ್ಗವಾಗಿ ದೊರೆಯುವ ಕಾವುಗಳಲ್ಲಿ ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು. ಯಾವ ಜಾತಿಯ ಮರವೆಂಬ ಸಂದೇಹವಿದ್ದು, ಕಾವುಗಳನ್ನು ಹೆಚ್ಚಿನ ಸಂಖ್ಯೆಯಲ್ಲಿ ಕೊಳ್ಳಬೇಕಾದಾಗ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯನ್ನು ವಿಚಾರಿಸಬಹುದು.

ಸ್ವಂತ ಜಮೀನಿನ ಮರವಾದರೂ ಬುಡಕ್ಕೆ ಕೊಡಲಿ ಹಾಕುವ ಮುಂಚೆ ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯನ್ನು ನೆನೆಯತಕ್ಕದ್ದು. ಕಾಯಿದೆಯಿಂದ ವಿನಾಯಿತಿ ಪಡೆದ ಸರ್ವೆ, ಸಿಲ್ವರ್ ಓಕ್ ಮೊದಲಾದ ಕೆಲವನ್ನು ಬಿಟ್ಟು ಮಿಕ್ಕ ಮರಗಳನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಕಾವಿಗಾಗಿ ಇಡೀ ಮರವನ್ನು ಉರುಳಿಸುವ ಪ್ರಸಂಗವೇ ಸಾಮಾನ್ಯವಾಗಿ ಬರುವುದಿಲ್ಲವೆನ್ನಿ. ಅನುಮತಿ ಪಡೆದು ಬೇರೆ ಕೆಲಸಕ್ಕೆ ಕಡಿದ ಒಂದೇ ಜಾಲಿಯ ಮರದ ನೆಟ್ಟಗಿನ ಭಾಗದಿಂದ ಒಂದು ಕೇರಿಯ ಮನೆಗಳಿಗೆಲ್ಲ ಸಾಲುವಷ್ಟು ತುಂಡುಗಳು ದೊರೆಯುತ್ತವೆ. ಊರಿನ ಮುಖಂಡರು ಇಂಥ ಮರವನ್ನು ಸೌದೆಗೆ ಹೋಗದಂತೆ ತಡೆದು, ನಾಲ್ಕು ಮನೆಯವರು ಸೇರಿ ಬಡಗಿಯ ಕೂಲಿಯನ್ನು ಹಂಚಿಕೊಳ್ಳುವಂತೆ ಏರ್ಪಡಿಸಿದರೆ ಪ್ರತಿಯೊಬ್ಬನಿಗೂ ಸಂತೆಯ ಬೆಲೆಗಿಂತ ಕಡಮೆಯಲ್ಲಿ ಉತ್ತಮವಾದ ಕಾವು ಸಿಕ್ಕುವುದು.

ತುಂಡುಮಾಡುವುದಕ್ಕೆ ಸಂಕ್ರಾಂತಿಯ ಸುತ್ತಿನ ದಿನಗಳು ಅನುಕೂಲ. ಆಗ ಕೆಲಸದ ಒತ್ತಡವೂ ಕಡಮೆ. ಮುಂಗಾರಿನವರೆಗೆ ಒಣಗುವುದಕ್ಕೆ ನಾಲ್ಕೈದು ತಿಂಗಳ ಅವಕಾಶವೂ ಇದೆ. ಮರವನ್ನು ಗರಗಸದಿಂದ ಕೊಯ್ಯುವುದಕ್ಕಿಂತ ಬೆಣೆ ಹೊಡೆದು ಸೀಳುವುದು ಮೇಲು. ಗರಗಸವು ತಾನು ಹೋದದ್ದೇ ದಾರಿಯೆಂದು ನಾರನ್ನು ಅಡ್ಡಲಾಗಿ ತುಂಡರಿಸುತ್ತದೆ. ಬೆಣೆಯು ನಾರಿನ ದಾರಿಯನ್ನೇ ಹಿಡಿದು ಹೋಗುತ್ತದೆ. ಹೀಗೆ ಸೀಳಿದ ತುಂಡಿನಲ್ಲಿ ನಾರು ತುದಿಯಿಂದ ತುದಿಯವರೆಗೂ ಮುರಿಯದೆ ಇರುವುದರಿಂದ ಕಾವು ಓರೆಯಾಗಿ ಮುರಿಯುವ ಭಯವಿಲ್ಲ. ಕೊನೆಯಲ್ಲಿ ಬೇಕಾಗುವ ದಪ್ಪಕ್ಕಿಂತ ಅರ್ಧ ಅಂಗುಲ ಹೆಚ್ಚಾಗಿಯೇ ಇಟ್ಟುಕೊಂಡು ಸೀಳಬೇಕು. ಮರದ ನಟ್ಟನಡುವಿನ ತಿರುಳಿರುವ ತುಂಡನ್ನು ಬಿಡಬೇಕು. ಅದು ಬಿರಿಯದೆ ಒಣಗುವುದಿಲ್ಲ.

ಸೀಳಿದ ತುಂಡುಗಳ ಎರಡು ಕೊನೆಗಳಿಗೂ ಸಗಣಿ ಬೆರೆಸಿದ ಜೇಡಿಮಣ್ಣನ್ನಾಗಲಿ ಕರಗಿಸಿದ ಮೇಣವನ್ನಾಗಲಿ ಬಳಿಯತಕ್ಕದ್ದು. ನೀರು ಕೊನೆಗಳಿಂದ ಬಲುಬೇಗ ಆರುವುದರಿಂದ ಅಲ್ಲಿಯೇ ಮೊದಲು ಸೀಳುಗಳು ಕಾಣಿಸಿಕೊಳ್ಳುತ್ತವೆ. ಬಳಿದ ಮಣ್ಣು ಆ ಆತುರವನ್ನು ತಡೆಯುತ್ತದೆ. ಅನಂತರ ತುಂಡುಗಳನ್ನು ನೆಲದಿಂದ ಒಂದು ಅಡಿ ಎತ್ತರದಲ್ಲಿ, ಒಂದೊಂದು ವರಸೆಯ ನಡುವೆ ಸಣ್ಣ ಕಡ್ಡಿಗಳನ್ನಿಟ್ಟು, ಗಾಳಿಯಾಡುವ ನೆರಳಿನಲ್ಲಿ ಅಟ್ಟಬೇಕು. ಬಿಸಿಲಿಗೆ ಹಾಕಿದರೆ ಬೇಗ ಒಣಗುವುದೇನೋ ನಿಜ, ಬಿರಿಯುವುದೂ ಅಷ್ಟೇ ಬೇಗ. ಎರಡು ತಿಂಗಳು ನೆರಳಿನಲ್ಲಿ ಕಳೆದ ಮೇಲೆ ಅಡುಗೆಯ ಮನೆಯ ಅಟ್ಟಕ್ಕೆ ಏರಿಸಿದರೆ ಬಾಧಕವಿಲ್ಲ. ಹೊಗೆಯು ಹುಳುವನ್ನು ದೂರವಿಡುತ್ತದೆ. ಒಣಗಿತೋ ಇಲ್ಲವೋ ಎಂಬುದನ್ನು ತಿಳಿಯಲು ತಕ್ಕಡಿಯೇ ಸಾಕು. ಒಂದು ತುಂಡಿಗೆ ಗುರುತುಮಾಡಿ ಹದಿನೈದು ದಿನಗಳಿಗೊಮ್ಮೆ ತೂಗಬೇಕು. ತೂಕವು ಇಳಿಯುತ್ತಿರುವವರೆಗೂ ಮರವು ಹಸಿಯೇ. ಎರಡು ಸಲ ಒಂದೇ ತೂಕ ಬಂದರೆ ಕೆಲಸಕ್ಕೆ ತೆಗೆದುಕೊಳ್ಳಬಹುದು. ಬೆಣೆಗೆಂದು ಇಟ್ಟ ಚೂರುಗಳು ಕಾವಿಗಿಂತಲೂ ಹೆಚ್ಚಾಗಿ ಒಣಗಿರಬೇಕು.

ಸಂತೆಯಲ್ಲಿ ಕೊಳ್ಳುವವರು ನೋಡತಕ್ಕ ಗುರುತುಗಳು ಬೇರೆ. ಕಾವನ್ನು ಕಣ್ಣಿನ ನೇರಕ್ಕೆ ಹಿಡಿದು ಡೊಂಕನ್ನು ನೋಡಬೇಕು. ಅದರ ಮೇಲೆ ಒಂದು ತೊಟ್ಟು ಶಾಯಿಯನ್ನು ಹಾಕಿದರೆ ಅದು ನಾರಿನ ಉದ್ದಕ್ಕೇ ಹರಿಯುತ್ತದೆ. ಆ ಗೆರೆಯು ಕಾವಿನ ಪಕ್ಕಕ್ಕೆ ಓಡಿಹೋದರೆ ಅಂಥ ಕಾವು ಬೇಡ. ಕಬ್ಬಿಣ ಕೂಡುವ ತುದಿಯಿಂದ ಒಂದು ಅಡಿಯೊಳಗೆ ಗಂಟಿದ್ದರೆ ಅದನ್ನೂ ಬಿಡಬೇಕು, ಏಕೆಂದರೆ ಏಟಿನ ಭಾರವೆಲ್ಲ ಬೀಳುವುದು ಆ ಸ್ಥಳದಲ್ಲಿ. ದಪ್ಪವಾಗಿ ಬಣ್ಣ ಬಳಿದ ಕಾವನ್ನು ಕೊಳ್ಳದಿರುವುದೇ ವಿವೇಕ. ಬಣ್ಣದ ಅಡಿಯಲ್ಲಿ ಏನಿದೆಯೆಂದು ಬಲ್ಲವರಾರು? ಮರದ ಕಾವುಗಳಿಗೆಂದೇ ಭಾರತೀಯ ಮಾನಕಗಳಲ್ಲಿ ೬೨೦ ಎಂಬ ಸಂಖ್ಯೆಯ ಮಾನಕವಿದೆ; ಪಂಚಾಯತಿಗಳೂ ಸಹಕಾರ ಸಂಘಗಳೂ ಕಾವುಗಳನ್ನು ಒಟ್ಟಾಗಿ ತರಿಸುವಾಗ ಅದನ್ನು ಕರಾರಿನಲ್ಲಿ ಸೇರಿಸಬಹುದು.

ಹೊಸ ಕಾವನ್ನು ಹಾಕುವುದಕ್ಕೆ ಮುಂಚೆ ಹಳೆಯದರ ಮುರುಕನ್ನು ಕಣ್ಣಿನಿಂದ ತೆಗೆಯಬೇಕಷ್ಟೆ. ಗುದ್ದಲಿಯನ್ನು ಒಲೆಗೆ ಹಾಕಿ ಮುರುಕನ್ನು ಸುಟ್ಟುಬಿಡುವುದು ಸುಲಭವಾದ ಉಪಾಯವೆಂದು ಕಾಣುತ್ತದೆ. ಇದರಷ್ಟು ನಷ್ಟಕರವಾದುದು ಇನ್ನೊಂದಿಲ್ಲ. ಕಮ್ಮಾರನು ಅಂಚಿಗೆ ಕೊಟ್ಟ ಹದವು ಬೆಂಕಿಯಲ್ಲಿ ಇಳಿದುಹೋಗುತ್ತದೆ. ಉಕ್ಕಿನ ಮೇಲೆ ನೀಲಿಯ ಛಾಯೆ ಕಂಡಿತೆಂದರೆ ಅದು ೩೦೦ ಡಿಗ್ರಿಯಷ್ಟು ಕಾದಿದೆಯೆಂದು ತಿಳಿಯಬೇಕು. ಸೌದೆಯ ಬೆಂಕಿ ಅದಕ್ಕಿಂತಲೂ ಎಷ್ಟೋ ಹೆಚ್ಚು ಬಿಸಿ. ಹದ ತಪ್ಪಿದ ಕೊಡಲಿಯು ಮಸೆದಾಗ ಹರಿತವಾಗಿ ಕಂಡರೂ ನಾಲ್ಕು ಏಟಿಗೆ ಬಾಯಿ ಮಡಿಚಿಕೊಳ್ಳುತ್ತದೆ. ಆಗ ದೋಷವನ್ನು ಕಮ್ಮಾರನ ಮೇಲೆ ಹೊರಿಸುವುದು ವಾಡಿಕೆ! ಮುರುಕನ್ನು ಗರಗಸದಿಂದ ಕಣ್ಣಿನ ಸಮಕ್ಕೆ ಕೊಯ್ದು, ಬೈರಿಗೆಯಿಂದ ಎರಡು ಮೂರು ರಂಧ್ರಗಳನ್ನು ಕೊರೆದು, ದಪ್ಪ ಕಬ್ಬಿಣದ ಸಲಾಕೆಯಿಂದ ಬಡಿದರೆ ಅದು ಹೊರಕ್ಕೆ ಬರುವುದು. ಸುಡುವುದು ಅನಿವಾರ್ಯವೇ ಆದಲ್ಲಿ ಅಂಚಿನ ಭಾಗವನ್ನೆಲ್ಲ ಒದ್ದೆ ಮಣ್ಣಿನಲ್ಲಿ ಹೂತು, ಕಣ್ಣು ಮಾತ್ರ ಮೇಲಿರುವಂತೆ ಮಾಡಿ, ಅದರ ಸುತ್ತಲೂ ಸ್ವಲ್ಪವೇ ಬೆಂಕಿ ಇಡಬೇಕು.

ಕಣ್ಣುಗಳಲ್ಲಿ ಎರಡು ಬಗೆಗಳುಂಟು. ಪಿಕಾಸಿಯಲ್ಲಿಯೂ ಅನೇಕ ಗುದ್ದಲಿಗಳಲ್ಲಿಯೂ ಕಣ್ಣಿನ ಹೊರಮುಖವು ಅಗಲವಾಗಿಯೂ, ಕೈಯ ಕಡೆಯ ಮುಖವು ಕಿರಿದಾಗಿಯೂ ಇರುತ್ತದೆ. ಇದಕ್ಕೆ ತಲೆಯ ಕಡೆ ದಪ್ಪನಾದ ಕಾವನ್ನು ಮಾಡಿ, ತೆಳುವಾದ ತುದಿಯನ್ನು ಹೊರಮುಖದಿಂದ ತೂರಿಸಿ ಕೆಳಕ್ಕೆ ಎಳೆಯಬೇಕು. ಬೀಸಿದಷ್ಟೂ ಕಬ್ಬಿಣವು ದಪ್ಪ ತಲೆಯ ಕಡೆಗೆ ಸರಿದು ತಾನಾಗಿಯೇ ಬಿಗಿಯಾಗುತ್ತದೆ. ಬೆಣೆ ಬೇಡ, ಮೊಳೆಯಂತೂ ಬೇಡವೇ ಬೇಡ. ಇಂಥ ಕಣ್ಣಿಗೆ ಕೆಳಗಿನಿಂದ ಕಾವನ್ನು ಬಡಿದು ಬೆಣೆಹೊಡೆಯುವವರು ಕಬ್ಬಿಣ ಹಾರಿಹೋಗುವುದಕ್ಕೆ ತಾವೇ ದಾರಿಮಾಡಿಕೊಟ್ಟಂತೆ. ಕೊಡಲಿಗಳಲ್ಲಿ ಕೆಲವು ಎರಡನೆಯ ಬಗೆಯವು: ಕಾವು ಕೆಳಗಿನಿಂದ ಹೋಗುತ್ತದೆ, ಮೇಲೆ ಬೆಣೆಯನ್ನು ಹೊಡೆದು ಅದನ್ನು ಅರಳಿಸಬೇಕು. ಕೊಳ್ಳುವಾಗಲೇ ಕಣ್ಣಿನ ಎರಡು ಮುಖಗಳನ್ನೂ ಕಡ್ಡಿಯಿಂದ ಅಳೆದು ನೋಡಿದರೆ ಯಾವ ಬಗೆಯೆಂಬುದು ತಿಳಿಯುತ್ತದೆ.

ಬೆಣೆಯ ಕಣ್ಣಿಗೆ ಕಾವನ್ನು ಹೊಂದಿಸುವಾಗ ಆತುರವು ಸಲ್ಲದು. ಕಣ್ಣಿನ ಒಳಬದಿಗೆ ಇದ್ದಲಿನ ಮಸಿಯನ್ನು ಸವರಿ ಕಾವನ್ನು ತೂರಿಸಿ ತೆಗೆದರೆ ಮಸಿ ಅಂಟಿದ ಕಡೆಯೇ ಉಬ್ಬಾದ ಕಡೆ. ಅಲ್ಲಿ ಮಾತ್ರ ಅರದಿಂದ ಉಜ್ಜಬೇಕು. ಹೀಗೆ ಏಳೆಂಟು ಸಲ ಮಾಡಿದರೆ ಸುತ್ತಲೂ ಸಮವಾಗಿ ಕೂಡುವುದು. ತಲೆಯಲ್ಲಿ ಕಣ್ಣಿನ ಉದ್ದದ ದಿಕ್ಕಿಗೆ ಕಣ್ಣಿನ ಆಳದ ಮೂರರಲ್ಲಿ ಎರಡು ಪಾಲಿನಷ್ಟು ಗರಗಸದಿಂದ ಸೀಳಬೇಕು. ಆಮೇಲೆ ಕಾವನ್ನು ಕೊಡಲಿ ಕೆಳಗಾಗುವಂತೆ ತಲೆಕೆಳಗಾಗಿ ಕೈಯಲ್ಲಿ ತೂಗುಹಿಡಿದು ಬುಡದ ಕೊನೆಯನ್ನು ಕೊಡತಿಯಿಂದ ಬಡಿಯಬೇಕು. ಕಬ್ಬಿಣವು ತನ್ನ ಭಾರದಿಂದ ನಿಂತಲ್ಲೇ ನಿಲ್ಲುವುದರಿಂದ ಕಾವು ಅದರೊಳಕ್ಕೆ ಇಳಿಯುತ್ತ ಹೋಗುತ್ತದೆ. ಕಬ್ಬಿಣವನ್ನು ಕಲ್ಲಿಗೆ ಕುಟ್ಟಿ ಕೂಡಿಸುವ ಪದ್ಧತಿಯಿಂದ ಕಣ್ಣು ಬಿರಿಯುವುದುಂಟು. ಕಾವಿನ ತುದಿಯು ಕಾಲು ಅಂಗುಲ ಹೊರಕ್ಕೆ ಬಂದ ಮೇಲೆ ಒಣಗಿದ ಗಟ್ಟಿಮರದ ಬೆಣೆಯನ್ನು ಸೀಳಿಗೆ ಇಟ್ಟು, ಅದು ಇನ್ನು ಹೋಗಲಾರದೆಂಬ ನಾದ ಬರುವವರೆಗೆ ಹೊಡೆಯತಕ್ಕದ್ದು. ಬೆಣೆಗೆ ಬದಲಾಗಿ ಮೊಳೆಗಳನ್ನು ಜಡಿಯುವುದರಿಂದ ನಾರು ಸೀಳಿ, ತುಕ್ಕಿನಿಂದ ಮರವು ಕೆಟ್ಟು, ಮುಂದಿನ ಸಲ ಕಾವನ್ನು ತೆಗೆಯುವುದೂ ಪ್ರಯಾಸವಾಗುತ್ತದೆ.

ಕುಡುಗೋಲಿನ ಹಿಡಿಯ ಕ್ರಮ ಬೇರೆ. ಇಲ್ಲಿ ಮರಕ್ಕೆ ಕಬ್ಬಿಣವಲ್ಲ, ಕಬ್ಬಿಣದ ಬಾಲಕ್ಕೆ ಮರವು ತೊಡಿಸಲ್ಪಡುತ್ತದೆ. ಬಾಲವನ್ನು ಕಾಯಿಸಿ ಮರದೊಳಕ್ಕೆ ಸುಟ್ಟು ಇಳಿಸಿದರೆ ಸುತ್ತಲಿನ ಮರವು ಇದ್ದಲಾಗಿ ಉದುರುತ್ತದೆ. ಹಿಡಿಯಲ್ಲಿ ಬೈರಿಗೆಯಿಂದ ರಂಧ್ರ ಕೊರೆದು, ಬಾಯಿಗೆ ಲೋಹದ ಬಳೆಯನ್ನು ತೊಡಿಸಿ, ಅರಗಿನ ಪುಡಿಗೆ ನಯವಾದ ಇಟ್ಟಿಗೆಯ ಪುಡಿಯನ್ನು ಬೆರೆಸಿ ರಂಧ್ರಕ್ಕೆ ತುಂಬಿ, ಅರಗು ಕರಗುವಷ್ಟು ಮಾತ್ರ ಬಿಸಿಮಾಡಿದ ಬಾಲವನ್ನು ಒಳಕ್ಕೆ ಒತ್ತಿದರೆ ಆರಿದ ಮೇಲೆ ಅದು ಕಲ್ಲಿನಂತೆ ಹಿಡಿಯುತ್ತದೆ.

ಕಾವಿನ ದಪ್ಪವು ಹಿಡಿಯುವವನ ಕೈಗೆ ತಕ್ಕಂತೆ ಇರಬೇಕು. ಮುಷ್ಟಿಯಲ್ಲಿ ಹಿಡಿದಾಗ ನಡುಬೆರಳಿನ ತುದಿಯು ಹೆಬ್ಬೆರಳಿನ ಬುಡವನ್ನು ಮುಟ್ಟಿಯೂ ಮುಟ್ಟದಂತಿದ್ದರೆ ಸರಿ. ಕಳೆ ತೆಗೆಯುವ ಕೆಲಸವನ್ನು ಬಹುಮಟ್ಟಿಗೆ ಹೆಂಗಸರೇ ಮಾಡುತ್ತಿರುವಲ್ಲಿ ಗಂಡಾಳಿನ ಕೈಗೆ ಮಾಡಿದ ದಪ್ಪ ಕಾವನ್ನು ಅವರಿಗೆ ಕೊಟ್ಟು, ಕೆಲಸ ನಿಧಾನವೆಂದು ಗೊಣಗುವುದು ನ್ಯಾಯವಲ್ಲ. ಕೊಡಲಿಯ ಕಾವು ದುಂಡಗಿರುವುದಕ್ಕಿಂತ ಮೊಟ್ಟೆಯಾಕಾರವಾಗಿರುವುದು ಉತ್ತಮ. ಕತ್ತಲಲ್ಲಿಯೂ ಅಂಚು ಯಾವ ಕಡೆಗಿದೆಯೆಂಬುದು ಕೈಗೆ ತಿಳಿಯುತ್ತದೆ.

ಕೈ ಬೊಬ್ಬೆಯೇಳದಿರಲೆಂದು ಕಾವಿಗೆ ಸೈಕಲ್ಲಿನ ರಬ್ಬರು ಕೊಳವೆಯನ್ನೋ ಬಟ್ಟೆಯನ್ನೋ ಸುತ್ತುವುದುಂಟು. ರಬ್ಬರಿನ ಅಡಿಯಲ್ಲಿ ಬೆವರು ನಿಂತು ಚರ್ಮವು ಮೆತ್ತಗಾಗಿ ಬೊಬ್ಬೆಗಳು ಹೆಚ್ಚುತ್ತವೆ. ಬಟ್ಟೆಯು ನೀರನ್ನು ಹಿಡಿದಿಟ್ಟು ಮರವನ್ನು ಕೊಳೆಸುತ್ತದೆ. ಗಾಳದ ಕೋಲುಗಳ ಹಿಡಿಗೆ ಕಾರ್ಕಿನ ಬಿಲ್ಲೆಗಳನ್ನು ಪೋಣಿಸಿ ಅಂಟಿಸುವುದನ್ನು ಕಂಡವರು ಅದನ್ನೇ ಇಲ್ಲಿಯೂ ಮಾಡಬಾರದೇಕೆಂದು ಕೇಳಬಹುದು. ಕಾರ್ಕೆಂಬುದು ಪೋರ್ಚುಗಲ್, ಸ್ಪೇನ್ ದೇಶಗಳಲ್ಲಿ ಬೆಳೆಯುವ ಒಂದು ಬಗೆಯ ಓಕ್ ಮರದ ಹೊರತೊಗಟೆ. ಮರವನ್ನು ಕಡಿಯದೆ ಒಂಬತ್ತು ವರ್ಷಗಳಿಗೊಮ್ಮೆ ಸುಲಿಯುತ್ತಾರೆ. ಅದು ಹಗುರ, ಒದ್ದೆಯಾದರೂ ಜಾರದು, ಚಳಿಯಲ್ಲಿಯೂ ಕೈಗೆ ತಣ್ಣಗೆನಿಸದು. ಮೀನಿನ ಎಳೆತವನ್ನು ಬೆರಳಿನಿಂದ ಅರಿಯಬೇಕಾದ ಕೋಲಿಗೆ ಬಹಳ ಹೊಂದುತ್ತದೆ. ಆದರೆ ಮಣ್ಣಿನ ಹರಳುಗಳು ಉಜ್ಜುವ ಗುದ್ದಲಿಯ ಮೇಲೆ ಅದು ಚೂರುಚೂರಾಗಿ ಕಿತ್ತುಹೋಗುವುದು. ಗುದ್ದಲಿಗೆ ಬರಿಯ ಮರವೇ ಸರಿ. ಗಾಜಿನ ಚೂರಿನಿಂದ ಹೆರೆದು, ಉಪ್ಪುಕಾಗದದಿಂದ ನಯಮಾಡಿ, ಅಗಸೆಯ ಎಣ್ಣೆಯನ್ನು ತೆಳುವಾಗಿ ಹಚ್ಚಿ ಒರಸಿ ಎರಡು ದಿನ ಬಿಡಬೇಕು. ಹೀಗೆ ಮೂರು ಸಲ ಮಾಡಬೇಕು. ಈ ಎಣ್ಣೆಯು ಗಾಳಿಗೆ ತಾನೇ ಗಟ್ಟಿಯಾಗಿ ನೀರನ್ನು ತಡೆಯುತ್ತದೆ. ಹರಳೆಣ್ಣೆಗೆ ಈ ಗುಣವಿಲ್ಲ. ಅದು ಜಿಗುಟಾಗಿಯೇ ಉಳಿಯುವುದು. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯತಕ್ಕದ್ದಲ್ಲ: ಅಗಸೆಯೆಣ್ಣೆಯಲ್ಲಿ ತೊಯ್ದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಅದು ತನ್ನಷ್ಟಕ್ಕೆ ತಾನೇ ಕಾದು ಹೊತ್ತಿಕೊಳ್ಳಬಲ್ಲುದು. ಹುಲ್ಲಿನ ಬಣವೆಯ ಬಳಿಯಲ್ಲಾಗಲಿ ಕೊಟ್ಟಿಗೆಯಲ್ಲಾಗಲಿ ಅಂಥ ಬಟ್ಟೆಯನ್ನು ಬಿಡದೆ, ಹರವಿ ಒಣಗಿಸಿ ಇಲ್ಲವೆ ನೀರಿನಲ್ಲಿ ನೆನೆಸಿ ವಿಲೇವಾರಿ ಮಾಡಬೇಕು.

ದೋಟಿಗಳಿಗೂ ಹಗುರವಾದ ಕಾವುಗಳಿಗೂ ಬಿದಿರನ್ನು ಉಪಯೋಗಿಸುವವರು ಒಳಗೆ ಪೊಳ್ಳಿಲ್ಲದ ಕಿರುಬಿದಿರನ್ನೇ ಆರಿಸಬೇಕು. ಬಿದಿರಿನಲ್ಲಿರುವ ಗಂಜಿಯ ಅಂಶಕ್ಕೆ ಕುಟ್ಟೆಹುಳುವು ಮುತ್ತುತ್ತದೆ. ಕಡಿದ ಗಳಗಳನ್ನು ಎರಡು ಮೂರು ವಾರ ಹರಿಯುವ ನೀರಿನಲ್ಲಿ ಮುಳುಗಿಸಿಟ್ಟು ಅನಂತರ ನೆರಳಿನಲ್ಲಿ ಒಣಗಿಸಿದರೆ ಆ ಅಂಶವು ಬಹುಭಾಗ ಕರಗಿಹೋಗುವುದರಿಂದ ಹುಳುವಿನ ಬಾಧೆ ಕಡಮೆಯಾಗುತ್ತದೆ. ಬಿಳಿಯ ಹಿಟ್ಟು ಉದುರುತ್ತಿರುವ ಹಳೆಯ ಕಾವನ್ನು ಹೊಸದರ ಜೊತೆಯಲ್ಲಿ ಇಡಬಾರದು.

ದಿನದ ಕೆಲಸ ಮುಗಿದ ಮೇಲೆ ಮಣ್ಣನ್ನು ಕೆರೆದು ಒರಸಿ, ಉಪಕರಣಗಳನ್ನು ಮಾಡಿನ ಕೆಳಗೆ ಗೋಡೆಯ ಗೂಟಗಳಿಗೆ ತೂಗುಹಾಕತಕ್ಕದ್ದು. ಅಂಗಳದಲ್ಲಿ ಮಂಜಿಗೂ ಬಿಸಿಲಿಗೂ ಬಿಟ್ಟ ಕಾವು ಎಷ್ಟು ಚೆನ್ನಾಗಿ ಕೂಡಿಸಿದ್ದಾದರೂ ಅಲುಗಾಡತೊಡಗುತ್ತದೆ. ಬೆಳಗ್ಗೆ ಆಳುಗಳು ಹೊರಡುವ ಮುನ್ನ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಒಮ್ಮೆ ಕೊಡವಿ ನೋಡುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಹತ್ತು ಉಪಕರಣಗಳಿರುವ ಮನೆಯಲ್ಲಿ ಒಣಗಿದ ಕಾವುಗಳು ಮೂರು, ಬೆಣೆಗಳು ಐದಾರು ಅಟ್ಟದ ಮೇಲೆ ಸಿದ್ಧವಾಗಿದ್ದರೆ ಬಿತ್ತನೆಯ ದಿನಗಳಲ್ಲಿ ಹಿತ್ತಿಲ ಕೊಂಬೆಗೆ ಕೈಹಾಕಬೇಕಾಗಿ ಬರುವುದಿಲ್ಲ.